ಬಾಲಂಗೋಚಿ ವಿನ್ಸೆಂಟಣ್ಣ

ಪ್ರತಿ ನವೆಂಬರಿನಲ್ಲಿ ಡಬ್ಲಿನ್ ಪಕ್ಕದ ಲೂಕನ್ನಿನ ಒಂದು ಶಾಲೆಯ ಸಭಾಂಗಣದಲ್ಲಿ ನಮ್ಮ ಕನ್ನಡ ಬಳಗ ನಾಟಕ ಆಡುತ್ತದೆ. ಅದಕ್ಕೆ ಜನ ಬರುವುದು ತನ್ನ ಅಭಿನಯ ನೋಡಲಿಕ್ಕೆ ಎಂದು ನಂಬಿರುವವನು ಇಡೀ ಐರ್ಲೆಂಡಿನಲ್ಲಿ ಒಬ್ಬನೇ, ನನ್ನ ಗಂಡ ಗುರುಪ್ರಸಾದ. ಡೊನೆಗಾಲ್‌ನ ಲೆಟರ್‌ಕೆನ್ನಿಯಲ್ಲಿ ವಯಸ್ಸಾದವರನ್ನು ನೋಡುವ ಡಾಕ್ಟರು ಅವನು. ವಾರವಿಡೀ ಮುದುಕರ ಮಂಡಿ, ಮರೆವು, ಮೂತ್ರ ಅಂತ ವಾರ್ಡು ಸುತ್ತಿ, ಭಾನುವಾರ ಅಷ್ಟು ದೂರದಿಂದ ಇಲ್ಲಿಯ ತನಕ ಕಾರು ಓಡಿಸಿಕೊಂಡು ಬಂದು ರಾಜನಾಗುತ್ತಾನೆ. ಪಕ್ಕದ ಸೀಟಿನಲ್ಲಿ ಕೂತು ಬಂದು, ಸೈಡ್‌ವಿಂಗಿನಲ್ಲಿ ನಿಂತು, ಅವನು ಮರೆತ ಮಾತು ಹೇಳಿಕೊಡುವುದು ಮತ್ತು ಪರದೆ ಎಳೆಯುವುದು ನನ್ನ ಕೆಲಸ. ಹಾಗಾಗಿ ಯಾರು ಯಾವುದಕ್ಕೆ ಬರುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಜನ ಬರುತ್ತಿದ್ದುದು ವಿನ್ಸೆಂಟಣ್ಣನಿಗಾಗಿ. ದೊಡ್ಡ ನಾಟಕ ಮುಗಿದ ಮೇಲೆ ಕಾಲು ಗಂಟೆಯ ಒಂದು ಪ್ರಹಸನ ಇರುತ್ತದೆ. ಬರೆಯುವುದು ವಿನ್ಸೆಂಟಣ್ಣ, ಆಡುವುದು ವಿನ್ಸೆಂಟಣ್ಣ. ದೊಡ್ಡ ನಾಟಕದ ಹೊತ್ತಿಗೆ ಮೊಬೈಲ್ ನೋಡುತ್ತಾ ಕೂತವರು, ಮಕ್ಕಳನ್ನು ಕರೆದುಕೊಂಡು ಕಾರಿಡಾರಿನಲ್ಲಿ ಅಡ್ಡಾಡುವವರು, ಎಲ್ಲರೂ ಆಗ ಒಳಗೆ ನುಗ್ಗಿ ಗೋಡೆಗೆ ಒರಗಿ ನಿಲ್ಲುತ್ತಾರೆ. ನನ್ನ ಗಂಡ ಆ ಪ್ರಹಸನವನ್ನು ಬಾಲಂಗೋಚಿ ಎಂದು ಕರೆಯುತ್ತಿದ್ದ. ವಿನ್ಸೆಂಟಣ್ಣ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಾಲಂಗೋಚಿ ಕಟ್ಟದ ಗಾಳಿಪಟ ಗೋತಾ ಹೊಡೆಯುತ್ತದೆ, ಡಾಕ್ಟ್ರು ಹುಡುಗರಾಗಿದ್ದಾಗ ಪಟ ಹಾರಿಸಿಲ್ಲ ಅಂತ ಕಾಣುತ್ತದೆ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆಮೇಲೆ ಎಲ್ಲೋ ಓದಿಕೊಂಡು ಬಂದು ಇನ್ನೂ ಜೋರಾದರು. ಹಳೇ ಗ್ರೀಸಿನಲ್ಲಿ ಸಾಲಾಗಿ ಮೂರು ದುರಂತ ನಾಟಕ ತೋರಿಸಿ, ಕೊನೆಗೆ ಬಾಲ ಕಟ್ಟಿಕೊಂಡ ಕುಡುಕರನ್ನು ಕುಣಿಸಿ ಜನರನ್ನು ಮನೆಗೆ ಕಳಿಸುತ್ತಿದ್ದರಂತೆ. ಇದೇ ಡಬ್ಲಿನ್ನಿನ ಹಳೆಯ ರಂಗಮಂದಿರಗಳಲ್ಲಿ ದೊಡ್ಡ ನಾಟಕದ ಹಿಂದೆ ಪ್ರಹಸನ ಇದ್ದೇ ಇರುತ್ತಿತ್ತಂತೆ. ಅಷ್ಟು ನೋಡಲಿಕ್ಕೆಂದೇ ತಡವಾಗಿ, ಅರ್ಧ ಟಿಕೆಟ್ಟಿನಲ್ಲಿ ಬರುವವರೂ ಇದ್ದರಂತೆ. ನಮ್ಮವರು ಅರ್ಧ ಟಿಕೆಟ್ಟೂ ಇಲ್ಲದೆ ತಡವಾಗಿ ಬರುತ್ತಾರೆ, ಅಷ್ಟೇ ವ್ಯತ್ಯಾಸ.

ಅವರಿಗೆ ಈ ಹುಚ್ಚು ಹತ್ತಿದ್ದು ಊರಿನಲ್ಲಿ. ಉಡುಪಿಯಿಂದ ಆಚೆ, ಹೊಳೆದಂಡೆಯ ಒಂದು ಇಗರ್ಜಿ. ವರ್ಷಕ್ಕೊಮ್ಮೆ ಅಲ್ಲಿ ನಾಟಕ, ಮತ್ತು ರಂಗಸ್ಥಳ ಕಟ್ಟುತ್ತಿದ್ದುದು ಸ್ಮಶಾನದ ಗೋಡೆಗೆ ಒತ್ತಿಕೊಂಡು, ಬೇರೆ ಜಾಗ ಇರಲಿಲ್ಲ. ಹಾಗಾಗಿ ಹಿರಿಯರು ಒಂದು ಪದ್ಧತಿ ಮಾಡಿದ್ದರು. ನಾಟಕದಲ್ಲಿ ಯಾರು ಸಾಯುತ್ತಾನೋ ಅವನು ಬಿದ್ದ ಜಾಗದಿಂದಲೇ, ಎಲ್ಲರ ಕಣ್ಣೆದುರಿಗೆ, ಎದ್ದು ಬಂದು ಜನರನ್ನು ನಗಿಸಬೇಕು. ನಡುವೆ ಪರದೆ ಎಳೆಯುವ ಹಾಗಿಲ್ಲ. ಗೋಡೆಯ ಆಚೆ ಮಲಗಿದವರು ಹೇಗೂ ಏಳುವುದಿಲ್ಲ, ಈಚೆ ಬಿದ್ದವನಾದರೂ ಏಳಲಿ. ಅವನು ಏಳದೆ ಪರದೆ ಬಿದ್ದರೆ ಆ ವರ್ಷ ಅವನಿಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ. ವಿನ್ಸೆಂಟಣ್ಣ ಆ ಪದ್ಧತಿಯನ್ನು ಹಾಗೇ ಲೂಕನ್ನಿಗೆ ತಂದರು. ಜೊತೆಗೆ ತಮ್ಮದೂ ಒಂದು ನೇಮ ಸೇರಿಸಿದರು. ಪ್ರಹಸನಕ್ಕೆ ನಗು ಮಾತ್ರ ಸಲ್ಲಬೇಕು. ಚಪ್ಪಾಳೆ ರಾಜರಿಗೆ. ಪ್ರಹಸನಕ್ಕೆ ಚಪ್ಪಾಳೆ ಬಿತ್ತು ಅಂದರೆ ಅದು ಸತ್ತಿತು ಅಂತ ಅರ್ಥ. ಅದಕ್ಕೇ ಅವರು ಕೊನೆಯಲ್ಲಿ ಕೈ ಮುಗಿಯುತ್ತಿರಲಿಲ್ಲ, ತಲೆ ಬಾಗಿಸುತ್ತಿರಲಿಲ್ಲ. ನಗು ಇನ್ನೂ ಎದ್ದಿರುವಾಗಲೇ ವೇದಿಕೆಯಿಂದ ಹಾರಿ, ಜನರ ನಡುವೆ ಓಡಿ, ಅಡುಗೆಮನೆ ಬಾಗಿಲಲ್ಲಿ ಮಾಯವಾಗುತ್ತಿದ್ದರು. ಪ್ರಹಸನಕ್ಕೆ ನಾನು ಯಾವತ್ತೂ ಪರದೆ ಎಳೆದವಳಲ್ಲ.

ಅಡುಗೆಮನೆಯಲ್ಲಿ ಬರ್ನಡೆಟ್ ಅಕ್ಕ ಇರುತ್ತಿದ್ದರು. ನೇಸ್‌ನ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಬೆಂಗಳೂರಿನಲ್ಲಿ ಸಂಸಾರ ಹೂಡಿದವರು, ಅಕ್ಕನಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದವರು. ವಿನ್ಸೆಂಟಣ್ಣ ಒಂದು ಔಷಧದ ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆದರು. ನಮ್ಮಲ್ಲಿ ಅನೇಕ ಗಂಡಸರು ಹೆಂಡತಿಯ ಕೆಲಸದ ಬೆನ್ನು ಹಿಡಿದು ಬಂದವರೇ, ಆದರೆ ಬಾಯಿ ಬಿಟ್ಟು ಹೇಳುವವರಿಲ್ಲ. ವಿನ್ಸೆಂಟಣ್ಣನ ಮೊದಲ ಪ್ರಹಸನವೇ 'ನರ್ಸಮ್ಮನ ಗಂಡ'. ಆವತ್ತು ನಕ್ಕು ನಕ್ಕು ಎಷ್ಟೋ ಗಂಡಸರಿಗೆ ಎದೆಯ ಭಾರ ಇಳಿಯಿತು. ಬರ್ನಡೆಟ್ ಅಕ್ಕ ಮಾತ್ರ ಅದನ್ನೂ ನೋಡಲಿಲ್ಲ, ಆಮೇಲಿನದನ್ನೂ ನೋಡಲಿಲ್ಲ. ಪ್ರಹಸನ ಮುಗಿದ ಕೂಡಲೇ ಊಟ. ನೂರೈವತ್ತು ಜನಕ್ಕೆ ಬಿಸಿಬೇಳೆಬಾತ್ ಬಿಸಿ ಮಾಡುತ್ತಾ ಅವರು ಒಳಗಿನಿಂದಲೇ ನಗು ಕೇಳುತ್ತಿದ್ದರು. ಗಂಡ ಓಡಿಬಂದು ಎದುರು ನಿಂತು ಏದುಸಿರು ಬಿಡುವಾಗ ಒಂದು ಲೋಟ ನೀರು ಕೊಡುತ್ತಿದ್ದರು. ಅವರು ಕಂಡ ನಾಟಕ ಅಷ್ಟೇ.

ಎಲ್ಲ ಕೆಟ್ಟದ್ದು ಹೋದ ವರ್ಷದ ಪ್ರಹಸನದಿಂದ. ಕಥೆ ಸಣ್ಣದು. ಊರಿನಿಂದ ಮಗನ ಮನೆಗೆ ಬಂದ ಒಬ್ಬ ಮುದುಕ ಡಬ್ಲಿನ್ ವಿಮಾನನಿಲ್ದಾಣದಲ್ಲಿ ಇಳಿಯುತ್ತಾನೆ. ವಿನ್ಸೆಂಟಣ್ಣ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ, ಒಂದು ಕೈಯನ್ನು ಹೊಟ್ಟೆಗೆ ಅಂಟಿಸಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಬಂದರು. ಬಾಗಿಲಿನ ಹತ್ತಿರ ಬಂದು ಗಕ್ಕನೆ ನಿಂತರು. ಹೆಜ್ಜೆ ಎತ್ತಲಿಲ್ಲ. ಆಫೀಸರ್ ಪಾತ್ರದ ಜೋಯ್ಸ್ ಮುಂದೆ ಬನ್ನಿ ಬನ್ನಿ ಎಂದು ಕೂಗುತ್ತಿದ್ದಾಳೆ, ಇವರು ಕಾಲು ಅಂಟಿಕೊಂಡವರ ಹಾಗೆ ನಿಂತೇ ಇದ್ದಾರೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಡಾಕ್ಟರುಗಳು, ನರ್ಸುಗಳು. ದಿನಾ ಬೆಳಗಾದರೆ ಇದೇ ನಡಿಗೆಯನ್ನು ವಾರ್ಡಿನಲ್ಲಿ ನೋಡುವ ನನ್ನ ಗಂಡ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಆಸ್ಪತ್ರೆಯಲ್ಲಿ ಕಂಡಿದ್ದರೆ ಒಂದೇ ನೋಟಕ್ಕೆ ಕಾಯಿಲೆಯ ಹೆಸರು ಹೇಳುತ್ತಿದ್ದ. ಪ್ರಹಸನದಲ್ಲಿ ಕಂಡದ್ದರಿಂದ ನಕ್ಕ.

ವಿನ್ಸೆಂಟಣ್ಣ ಆ ನಡಿಗೆಯನ್ನು ನಟಿಸಿರಲಿಲ್ಲ. ಅವರಿಗೆ ಅವತ್ತು ಹಾಗೇ ನಡೆಯಲಿಕ್ಕೆ ಆಗಿದ್ದು. ಬಾಗಿಲ ಬಳಿ ನಿಂತದ್ದು ಕಾಲು ಏಳದೆ. ಒಳಗೆ ಗಾಬರಿಯಿಂದ ಬೆವರುತ್ತಿದ್ದಾಗ ಹೊರಗೆ ಜನ ನಗುತ್ತಿದ್ದರು. ಆಮೇಲೆ ಎಲ್ಲರೂ ಬೆನ್ನು ತಟ್ಟಿ, ಏನು ನಡಿಗೆ ಹಿಡಿದಿರಿ ಮಾರಾಯರೇ ಎಂದಾಗ ಸುಮ್ಮನೆ ತಲೆ ಆಡಿಸಿದರು. ಯಾರದೋ ಗೃಹಪ್ರವೇಶದಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ಆ ನಡಿಗೆ ಒಂದ್ಸಲ ಮಾಡಿ ಎಂದು ಕೇಳುವವರು. ಇವರು ಮಾಡಿ ತೋರಿಸುವವರು. ಬರ್ನಡೆಟ್ ಅಕ್ಕ ಒಬ್ಬರೇ ನಗದೆ ನೋಡಿದ್ದು. ಅಡುಗೆಮನೆಯಲ್ಲಿ ಇದ್ದುದರಿಂದ ಅವರ ಕಣ್ಣಿಗೆ ಪ್ರಹಸನದ ಪೊರೆ ಇರಲಿಲ್ಲ ಅಂತ ಕಾಣುತ್ತದೆ. ವೈದ್ಯರ ಹತ್ತಿರ ಹೋಗೋಣ ಎಂದರೆ ವಿನ್ಸೆಂಟಣ್ಣ, ಚೆನ್ನಾಗಿದ್ದೇನೆ ಅನ್ನಲಿಕ್ಕೆ ಐರಿಷರು ಹೇಳುವ ಹಾಗೆ, ನಾನು ಗ್ರ್ಯಾಂಡ್ ಆಗಿದೀನಿ, ಜನ ನಗ್ತಿದಾರಲ್ಲ, ಅನ್ನುತ್ತಿದ್ದರು. ಕೊನೆಗೆ ಅಕ್ಕ ಎಳೆದುಕೊಂಡೇ ಹೋದರು. ಮಾರ್ಚ್ ಹೊತ್ತಿಗೆ ಪಾರ್ಕಿನ್ಸನ್ಸ್ ಎಂದು ಖಚಿತವಾಯಿತು. ಮಾತ್ರೆ ಶುರುವಾಯಿತು.

ವಿನ್ಸೆಂಟಣ್ಣ ಹೆಂಡತಿಯ ಕೈ ಹಿಡಿದು ಆಣೆ ಹಾಕಿಸಿಕೊಂಡರು. ಬಳಗದಲ್ಲಿ ಯಾರಿಗೂ ಹೇಳಬಾರದು. ಮಗಳು ಶೆರಿನ್‌ಗೆ ಹೇಳಬಹುದು, ಅವಳು ದೂರದ ಕಾರ್ಕ್‌ನಲ್ಲಿ ಇರುವವಳು. ನಮಗೆ ಹೇಳಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಡಾಕ್ಟರುಗಳು ತುಂಬಿದ ಸಭೆ. ಅವರು ವೇದಿಕೆಗೆ ಬಂದರೆ ಎಲ್ಲರೂ ಅವರ ಕೈ ನೋಡುತ್ತಾರೆ, ಕಣ್ಣಿನ ರೆಪ್ಪೆ ಎಷ್ಟು ಸಲ ಬಡಿಯಿತು ನೋಡುತ್ತಾರೆ. ಪಾಪ ಅನ್ನುತ್ತಾರೆ. ಪಾಪ ಅಂದವರು ಆಮೇಲೆ ನಗುವುದಿಲ್ಲ. ಇನ್ನೊಂದೇ ಒಂದು ಸಲ, ಕಾಯಿಲೆಯ ವಿಷಯ ಗೊತ್ತಿಲ್ಲದ ಜನರ ಮುಂದೆ ನಿಂತು ನಗು ಕೇಳಬೇಕು, ಆಮೇಲೆ ನೀನು ಯಾರಿಗೆ ಬೇಕಾದರೂ ಹೇಳು ಎಂದರು. ಈ ಮಾತನ್ನು ಬರ್ನಡೆಟ್ ಅಕ್ಕ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಕೇಳಿ ನನಗೆ ಸಿಟ್ಟೇ ಬಂತು. ನಗಿಸಿದ್ದಕ್ಕೆ ಇಷ್ಟು ಬೆಲೆಯೇ ಅನ್ನಿಸಿತು. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ತೊಂದರೆ ಬಂದದ್ದು ಮಾತ್ರೆ ಕೆಲಸ ಮಾಡಿದ್ದರಿಂದ. ಬೇಸಿಗೆಯ ಹೊತ್ತಿಗೆ ವಿನ್ಸೆಂಟಣ್ಣನ ಕೈ ಬೀಸಲು ಶುರುವಾಯಿತು, ಹೆಜ್ಜೆ ಉದ್ದವಾಯಿತು, ಮುಖಕ್ಕೆ ನಗು ಬಂತು. ಮನೆಯವರೆಲ್ಲ ದೇವರಿಗೆ ಮೇಣದಬತ್ತಿ ಹಚ್ಚಿದರು. ಆದರೆ ಈ ವರ್ಷದ ಪ್ರಹಸನದ ಅಭ್ಯಾಸ ಶುರುವಾದಾಗ ನನ್ನ ಗಂಡ, ನಿರ್ದೇಶಕನೂ ಅವನೇ ಆದ್ದರಿಂದ, ಹೋದ ವರ್ಷದ ನಡಿಗೆಯೇ ಬೇಕು ಎಂದು ಹಟ ಹಿಡಿದ. ಜನ ಅದನ್ನೇ ಕಾಯುತ್ತಿದ್ದಾರೆ ಎಂದ. ಅದೂ ಸುಳ್ಳಲ್ಲ. ವಿನ್ಸೆಂಟಣ್ಣ ಮಾಡಿದರು. ಬಾತುಕೋಳಿ ನಡೆದ ಹಾಗಿತ್ತು. ಜೋಯ್ಸ್ ಮೆಲ್ಲಗೆ, ಅಂಕಲ್, ಹೋದ ವರ್ಷ ಬೇರೆ ಥರ ಇತ್ತು ಎಂದಳು. ಮನೆಯಲ್ಲಿ ಬೀರುವಿನ ಕನ್ನಡಿ ಮುಂದೆ ಅವರು ಗಂಟೆಗಟ್ಟಲೆ ಅಭ್ಯಾಸ ಮಾಡಿದರಂತೆ. ತಮ್ಮ ನಡಿಗೆಯನ್ನು ತಾವೇ ನಕಲು ಮಾಡಲು ಆಗಲಿಲ್ಲ.

ನಾಟಕದ ದಿನ ಭಾನುವಾರ ಬೆಳಿಗ್ಗೆ ಅವರು ಮಾತ್ರೆ ತೆಗೆದುಕೊಳ್ಳಲಿಲ್ಲ. ಬರ್ನಡೆಟ್ ಅಕ್ಕ ಈರುಳ್ಳಿ ಹೆಚ್ಚಲಿಕ್ಕೆಂದು ಮೊದಲೇ ಹೊರಟುಬಂದಿದ್ದರು. ಫೋನಿನಲ್ಲಿ ಕೇಳಿದಾಗ ತಗೊಂಡೆ ಎಂದರು. ಮಧ್ಯಾಹ್ನದ್ದನ್ನೂ ಬಿಟ್ಟರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಎರಡು ಗಂಟೆಗೆ ದೀಪ, ಎರಡೂವರೆಗೆ ನಾಟಕ, ನಾಲ್ಕಕ್ಕೆ ಪ್ರಹಸನ. ನಾಲ್ಕರ ಹೊತ್ತಿಗೆ ಕಾಲು ಹೋದ ವರ್ಷದಷ್ಟೇ ಬಿಗಿದಿರುತ್ತದೆ. ನಗಿಸಿ, ಓಡಿ, ಅಡುಗೆಮನೆಯಲ್ಲಿ ನೀರು ಕುಡಿಯುವಾಗ ಮಾತ್ರೆ ನುಂಗಿದರಾಯಿತು. ಇಷ್ಟು ವರ್ಷ ನಮ್ಮ ಜೊತೆಯಲ್ಲೇ ಇದ್ದ ಮನುಷ್ಯ, ಕನ್ನಡ ಬಳಗದ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗುತ್ತದೆ ಎಂದು ಹೇಗೆ ನಂಬಿದರೋ.

ಎರಡು ಗಂಟೆಗೆ ಸಭಾಂಗಣದಲ್ಲಿ ಇದ್ದದ್ದು ಕುರ್ಚಿಗಳು ಮಾತ್ರ. ಮೂರಕ್ಕೆ ದೀಪ ಹಚ್ಚಿದರು. ಮುಖ್ಯ ಅತಿಥಿ ಮೋಟಾರ್‌ವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ ಅವರು ಬರುವ ತನಕ ಮಕ್ಕಳ ಕುಣಿತ. ಅತಿಥಿ ಬಂದಮೇಲೆ ಅವರಿಗೆ ಪೇಟ, ಶಾಲು, ಹಾರ. ಆಮೇಲೆ ಪ್ರಾಯೋಜಕರಿಗೆ ಶಾಲು. ಶಾಲು ಹೊದಿಸಿಕೊಂಡವರೆಲ್ಲ ಎರಡು ಮಾತು ಆಡಲೇಬೇಕು, ಎರಡು ಮಾತು ಯಾವತ್ತಾದರೂ ಎರಡರಲ್ಲಿ ನಿಂತಿದೆಯೇ. ಗ್ರೀನ್‌ರೂಮಿನಲ್ಲಿ ವಿನ್ಸೆಂಟಣ್ಣ ಬಿಳಿ ಗಡ್ಡ ಅಂಟಿಸಿಕೊಂಡು ಕೂತೇ ಇದ್ದರು. ಪ್ರತಿ ಸಲ ಕೇಳಿದಾಗಲೂ ಇನ್ನು ಹತ್ತೇ ನಿಮಿಷ ಎಂಬ ಉತ್ತರ. ಹತ್ತೇ ನಿಮಿಷ ಅಂದಮೇಲೆ ಈಗ ಮಾತ್ರೆ ನುಂಗಿದರೆ ನಡಿಗೆ ಕೆಡುತ್ತದೆ ಎಂದು ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು ಕಾದರು. ನಾಟಕದ ಮೊದಲ ಗಂಟೆ ಹೊಡೆದಾಗ ಹೊರಗೆ ಕತ್ತಲಾಗಿತ್ತು.

ದೊಡ್ಡ ನಾಟಕದಲ್ಲಿ ಅವರದು ಮುದಿಮಂತ್ರಿಯ ಪಾತ್ರ. ರಾಜ ಚಾಡಿಮಾತು ಕೇಳಿ, ತನ್ನನ್ನು ಸಾಕಿದ ಮಂತ್ರಿಯನ್ನೇ ಇರಿದು ಕೊಂದು, ಆಮೇಲೆ ನಿಜ ತಿಳಿದು ಹೆಣದ ಮುಂದೆ ಅಳುತ್ತಾನೆ. ಬರೆದದ್ದು ನನ್ನ ಗಂಡ. ಮಂತ್ರಿ ಹೆಚ್ಚು ಹೊತ್ತು ಪೀಠದಲ್ಲಿ ಕೂತೇ ಇರುವುದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಮಾತು ಸ್ವಲ್ಪ ಮೆತ್ತಗಿದೆ ಎಂದು ನನಗೆ ಅನ್ನಿಸಿತು, ಅಷ್ಟೇ. ಇರಿತ ಬಿದ್ದಾಗ ಮರ ಉರುಳಿದ ಹಾಗೆ ಉರುಳಿದರು. ಜನ ಉಸಿರು ಹಿಡಿದರು. ಆಮೇಲೆ ರಾಜನ ಪ್ರಲಾಪ. ಅದನ್ನು ಅರ್ಧಕ್ಕೆ ಕತ್ತರಿಸು ಎಂದು ನಾನು ಎಷ್ಟು ಸಲ ಗೋಗರೆದಿದ್ದೆ. ಗುರು ಒಂದು ಸಾಲನ್ನೂ ಬಿಡಲಿಲ್ಲ. ನವೆಂಬರಿನ ತಣ್ಣನೆಯ ಹಲಗೆಯ ಮೇಲೆ ವಿನ್ಸೆಂಟಣ್ಣ ಅಲುಗದೆ ಬಿದ್ದಿದ್ದರು, ಇವನು ಅತ್ತೇ ಅತ್ತ. ಅಭ್ಯಾಸದಲ್ಲಿ ಅವನ ಪಶ್ಚಾತ್ತಾಪದ ಮುಖ ಯಾವತ್ತೂ ಸರಿಯಾಗಿ ಬಂದಿರಲಿಲ್ಲ, ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ಅವತ್ತೂ ಹಾಗೇ ಕಂಡ.

ಪ್ರಲಾಪ ಮುಗಿಯಿತು. ಜೋರು ಚಪ್ಪಾಳೆ. ಕಾರಿಡಾರಿನ ಜನ ಒಳಗೆ ನುಗ್ಗಿ ಗೋಡೆಗೆ ಒರಗಿದರು. ಪ್ರಹಸನದ ಗಂಟೆ ನಾನೇ ಬಾರಿಸಿದೆ. ಈ ವರ್ಷದ ಪ್ರಹಸನ ಹೀಗಿತ್ತು: ಹೆಣ ಒಂದು ಕಣ್ಣು ತೆರೆಯಬೇಕು, ಎದ್ದು ಕೂರಬೇಕು, 'ಮುಗೀತಾ ರಾಜ್ರೇ ನಿಮ್ಮ ಅಳು?' ಎಂದು ಕೇಳಬೇಕು. ಆಮೇಲೆ ಮಂತ್ರಿಯ ಪ್ರೇತ ಪಿಂಚಣಿ ಕೊಡಿ, ಬಸ್ ಪಾಸ್ ಕೊಡಿ ಎನ್ನುತ್ತಾ ಪುಟ್ಟ ಹೆಜ್ಜೆಯಲ್ಲಿ ರಾಜನ ಬೆನ್ನು ಬಿಡದೆ ವೇದಿಕೆ ತುಂಬ ಓಡಾಡಬೇಕು.

ಹೆಣ ಕಣ್ಣು ತೆರೆಯಿತು. ಏಳಲಿಲ್ಲ.

ಜನ ನಗಲು ಶುರುಮಾಡಿದರು. ನಾನು ಇನ್ನೊಮ್ಮೆ ಗಂಟೆ ಬಾರಿಸಿದೆ. ಏಳಲಿಲ್ಲ. ನಗು ಇಮ್ಮಡಿಯಾಯಿತು. ಇಷ್ಟು ಹೊತ್ತು ಸುಮ್ಮನೆ ಬಿದ್ದಿದ್ದು ನಗಿಸುವ ಧೈರ್ಯ ವಿನ್ಸೆಂಟಣ್ಣನಿಗೆ ಮಾತ್ರ ಇದೆ ಎಂದು ಎಲ್ಲರಿಗೂ ಖುಷಿ. ಗುರು ಹತ್ತಿರ ಹೋಗಿ ಬಗ್ಗಿದ. ನಾನು ವಿಂಗಿನಲ್ಲಿ ಎರಡು ಮಾರು ದೂರದಲ್ಲಿದ್ದೆ, ಅವರ ಪಿಸುಮಾತು ನನಗೆ ಕೇಳಿಸಿತು.

"ಏಳಕ್ಕಾಗ್ತಿಲ್ಲ ಡಾಕ್ಟ್ರೇ. ಬೆಳಿಗ್ಗೆಯಿಂದ ಮಾತ್ರೆ ತಗೊಂಡಿಲ್ಲ. ಪರದೆ ಎಳೆಸ್ಬೇಡಿ."

"ಯಾವ ಮಾತ್ರೆ ವಿನ್ಸೆಂಟಣ್ಣ?"

ಕೇಳಿದವನೇ ಅವರ ಮೊಣಕೈಯನ್ನು ಹಿಡಿದು ಮಡಿಸಲು ನೋಡಿದ. ಕೈ ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆತಡೆದು ಬಂತು. ಗುರುವಿನ ಕೈ ಅಲ್ಲೇ ನಿಂತಿತು. ಉತ್ತರ ಬೇಕಾಗಿರಲಿಲ್ಲ. ಹೋದ ವರ್ಷದ ನಡಿಗೆ, ಅಲುಗದ ಮುಖ, ಬಾಗಿಲ ಬಳಿ ಅಂಟಿಕೊಂಡ ಕಾಲು, ಎಲ್ಲವೂ ಅವನಿಗೆ ಒಟ್ಟಿಗೆ ಹೊಳೆದದ್ದು ನನಗೆ ಇಲ್ಲಿಂದಲೇ ಕಂಡಿತು. ವಾರಗಟ್ಟಲೆ ಕಷ್ಟಪಟ್ಟರೂ ಬಾರದಿದ್ದ ಆ ರಾಜನ ಮುಖ ಆಗ ಬಂತು. ಜನ ಅದಕ್ಕೂ ನಕ್ಕರು.

ಬರ್ನಡೆಟ್‌ನ ಕರೀರಿ ಎಂದು ವಿನ್ಸೆಂಟಣ್ಣ ಅಂದರು. ನಾನು ಅಡುಗೆಮನೆಗೆ ಓಡಿದೆ. ಮಾತ್ರೆ ಎಂದ ಕೂಡಲೇ ಅಕ್ಕ ಸೌಟು ಕೆಳಗಿಟ್ಟರು. ಅವರ ಪರ್ಸಿನಲ್ಲಿ ನೀರಿನಲ್ಲಿ ಕರಗುವ ಮಾತ್ರೆ ಸದಾ ಇರುತ್ತಿತ್ತು. ಒಂದು ಪೇಪರ್ ಕಪ್ಪಿನಲ್ಲಿ ಅದನ್ನು ಕರಗಿಸಿಕೊಂಡು, ಸೀರೆಯ ಮೇಲೆ ಕಟ್ಟಿದ್ದ ಏಪ್ರನ್ನಿನಲ್ಲೇ, ಜನರ ನಡುವೆ ನಡೆದು ವೇದಿಕೆ ಹತ್ತಿದರು. ಮಂತ್ರಿಯ ಹೆಂಡತಿ ಬಂದಳು ಎಂದು ಯಾರೋ ಕೂಗಿದರು. ಅಕ್ಕ ಗಂಡನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಹೆಣಕ್ಕೆ ಔಷಧ ಕುಡಿಸುತ್ತಿದ್ದಾಳೆ ಎಂದು ಸಭೆ ಹೊಟ್ಟೆ ಹಿಡಿದುಕೊಂಡಿತು.

ಗುರು ಅವರನ್ನು ಎತ್ತಿ ಒಳಗೆ ಒಯ್ಯಲು ಇಬ್ಬರನ್ನು ಕರೆಯಲಿದ್ದ. ಅಕ್ಕ ಅವನ ಜರಿಯ ತೋಳು ಹಿಡಿದು ಪಿಸುಗುಟ್ಟಿದರು.

"ಎತ್ಬೇಡಿ ಡಾಕ್ಟ್ರೇ. ಈಗ ಎತ್ಕೊಂಡು ಹೋದ್ರೆ ಇವ್ರು ಇನ್ಯಾವತ್ತೂ ಏಳಲ್ಲ. ಅರ್ಧ ಗಂಟೆ ಒಳಗೆ ಕೈಕಾಲು ಬಿಡುತ್ತೆ. ಅಲ್ಲೀತನಕ ಏನಾದ್ರೂ ಮಾಡಿ."

ಏನಾದರೂ ಮಾಡುವುದು ನನ್ನ ಗಂಡನಿಗೆ ಗೊತ್ತಿಲ್ಲ. ಅವನಿಗೆ ಬರೆದದ್ದನ್ನು ಹೇಳಲು ಮಾತ್ರ ಬರುತ್ತದೆ, ಅದೂ ನಾನು ಹೇಳಿಕೊಟ್ಟರೆ. ಅವನು ವೇದಿಕೆಯ ತುದಿಗೆ ಹೋದ, ಮತ್ತೆ ಬಂದ, ಕಿರೀಟ ಸರಿ ಮಾಡಿಕೊಂಡ, ಹಾಳಾದ ಕಿರೀಟ ಎಂದ. ನಗು ಇಳಿಯತೊಡಗಿತು. ಆಗ ಬರ್ನಡೆಟ್ ಅಕ್ಕ ಬಾಯಿ ತೆರೆದರು. ಹುಟ್ಟಿದಾಗಿನಿಂದ ವೇದಿಕೆ ಹತ್ತದವರು. ಅವರಿಗೆ ಕಥೆ ಗೊತ್ತಿಲ್ಲ, ಮಾತು ಗೊತ್ತಿಲ್ಲ. ಗೊತ್ತಿದ್ದದ್ದು ಗಂಡ ಒಬ್ಬನೇ. ರಾಜನ ಹತ್ತಿರ ದೂರು ಹೇಳುವ ಹಾಗೆ ಶುರುಮಾಡಿದರು.

"ರಾಜ್ರೇ, ಈ ಮನುಷ್ಯನ ಜೊತೆ ಸಂಸಾರ ಮಾಡೋದು ಅಂದ್ರೆ ಏನು ಅಂತ ನಿಮ್ಗೆ ಗೊತ್ತಿಲ್ಲ. ಒಣ ಸಿಗಡಿ ಒಲೆ ಮೇಲೆ ಸೀದು ಕರಕಲಾಗಿ, ಪಕ್ಕದ್ಮನೆ ಐರಿಷ್ ಅಜ್ಜಿ ಬಂದು ಬಾಗಿಲು ಬಡಿದ್ರು. ಇವ್ರು ಒಲೆ ಪಕ್ಕದಲ್ಲೇ ಕೂತು ಪೇಪರ್ ಓದ್ತಿದಾರೆ. ಮೂಗಿಗೆ ಏನೂ ಬರ್ಲಿಲ್ವಂತೆ."

ಸಭೆ ಮತ್ತೆ ಎದ್ದು ನಕ್ಕಿತು. ಒಣ ಸಿಗಡಿಗೆ ಐರಿಷ್ ನೆರೆಯವರು ಬಾಗಿಲು ಬಡಿಯದ ಮನೆ ಅಲ್ಲಿ ಯಾವುದಿತ್ತು. ಅಕ್ಕನಿಗೆ ಧೈರ್ಯ ಬಂತು. ಇವರು ನಿದ್ದೆಯಲ್ಲಿ ಯಾರನ್ನೋ ಒದೆಯುತ್ತಾರೆ, ಒದೆ ಬೀಳುವುದು ನನಗೆ ಎಂದರು. ಮೊಮ್ಮಗಳ ಹುಟ್ಟುಹಬ್ಬದ ಕಾರ್ಡಿನಲ್ಲಿ ಬರೆದರೆ ಅಕ್ಷರ ಇರುವೆಯಷ್ಟಾಗಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆಯೂ ಇಲ್ಲ ಎಂದರು. ಫೋಟೋ ತೆಗೆದರೆ ಆ ಮಗು, ಅಜ್ಜ ನನ್ನ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಎಂದು ಕೇಳುತ್ತದೆ, ಇವರು ನಗುತ್ತಲೇ ಇರುತ್ತಾರೆ, ಮುಖಕ್ಕೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ ಎಂದರು.

ಎಲ್ಲವೂ ಪ್ರಹಸನದ ಮಾತಿನ ಹಾಗೆಯೇ ಇತ್ತು. ಆದರೆ ಮೂರನೆಯ ಸಾಲಿನಲ್ಲಿ ಒಬ್ಬ ನರ್ಸು ನಗುತ್ತಿದ್ದವಳು ನಿಲ್ಲಿಸಿದಳು. ಬಾಯಿಗೆ ಅಡ್ಡ ಹಿಡಿದಿದ್ದ ಕೈ ಹಾಗೇ ಉಳಿಯಿತು. ಅವಳ ಹಿಂದಿನ ಸಾಲಿನ ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ವಾಸನೆ ಇಲ್ಲ, ನಿದ್ದೆಯಲ್ಲಿ ಒದೆತ, ಸಣ್ಣ ಅಕ್ಷರ, ನಗದ ಮುಖ. ಅವರೆಲ್ಲ ಪರೀಕ್ಷೆಗೆ ಓದಿದ್ದೇ ಅದು. ಅಲ್ಲಲ್ಲಿ ಒಬ್ಬೊಬ್ಬರ ನಗು ಆರುತ್ತಾ ಹೋಯಿತು. ಕಂಪ್ಯೂಟರ್ ಕೆಲಸದವರು, ಬ್ಯಾಂಕಿನವರು ಇನ್ನೂ ಸ್ವಲ್ಪ ಹೊತ್ತು ನಕ್ಕರು. ಪಕ್ಕದಲ್ಲಿ ಕೂತ ಹೆಂಡತಿಯೋ ಗಂಡನೋ ನಗುತ್ತಿಲ್ಲ ಎಂದು ಗೊತ್ತಾಗಿ ಅವರೂ ನಿಲ್ಲಿಸಿದರು. ಅಕ್ಕನಿಗೆ ಇದು ಗೊತ್ತಾಗಲಿಲ್ಲ. ಮಾರ್ಚಿನಿಂದ ಬಾಯಿ ಕಟ್ಟಿಕೊಂಡಿದ್ದವರು ಈಗ ನಿಲ್ಲಿಸಲಾರದೆ ಹೋದರು.

"ಹೋದ ವರ್ಷ ಇದೇ ಜಾಗದಲ್ಲಿ ನಡೆದ್ರಲ್ಲ, ಆ ನಡಿಗೆ. ಅದು ಇವ್ರು ಮಾಡಿದ್ದಲ್ಲ. ಅದು ಇವ್ರದ್ದೇ ನಡಿಗೆ. ಇವತ್ತು ನಿಮ್ಮನ್ನ ಮತ್ತೆ ನಗಿಸ್ಬೇಕು ಅಂತ ಮಾತ್ರೆ ಬಿಟ್ಟು ಬಂದಿದಾರೆ."

ಹೇಳಿದ ಮೇಲೆ ಅವರಿಗೆ ಸದ್ದಿಲ್ಲದ್ದು ಕೇಳಿಸಿತು. ಆಣೆ ಮುರಿದದ್ದು ತಿಳಿಯಿತು. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ಸಭಾಂಗಣದಲ್ಲಿ ಹೀಟರಿನ ಗುರ್ ಎನ್ನುವ ಶಬ್ದ ಮಾತ್ರ ಇತ್ತು. ಯಾರೂ ಹೊರಗೆ ಹೋಗಲಿಲ್ಲ, ಊಟದ ಮಾತು ಎತ್ತಲಿಲ್ಲ, ಮಕ್ಕಳು ಕೂಡ ಸುಮ್ಮನಿದ್ದರು. ನನ್ನ ಕೈಯಲ್ಲಿ ಪರದೆಯ ಹಗ್ಗ ಇತ್ತು. ಎಳೆಯಲೇ ಎಂದು ಗುರುವನ್ನು ಕಣ್ಣಲ್ಲೇ ಕೇಳಿದೆ. ಬೇಡ ಎಂದು ತಲೆಯಾಡಿಸಿದ. ಅವನೂ ಕಿರೀಟ ತೆಗೆದು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ. ಹೀಗೆ ಎಷ್ಟು ಹೊತ್ತಾಯಿತೋ ನಾನು ನೋಡಿಕೊಳ್ಳಲಿಲ್ಲ. ಇಷ್ಟೊಂದು ಜನ ಡಾಕ್ಟರು ನರ್ಸುಗಳು ಒಂದು ಮಾತ್ರೆ ಕೆಲಸ ಮಾಡುವುದನ್ನು ಉಸಿರು ಬಿಗಿಹಿಡಿದು ಕಾಯುವುದು ನಾನು ಕಂಡದ್ದು ಅವತ್ತು.

ಮೊದಲು ವಿನ್ಸೆಂಟಣ್ಣನ ಬೆರಳುಗಳು ಅಲುಗಿದವು. ಆಮೇಲೆ ಮಂಡಿ ಬಾಗಿತು. ಹೆಂಡತಿಯ ಹೆಗಲು ಹಿಡಿದು, ಒಂದು ಪಕ್ಕಕ್ಕೆ ಹೊರಳಿ, ಎದ್ದು ಕೂತರು. ಸ್ವಲ್ಪ ಸುಧಾರಿಸಿಕೊಂಡು ನಿಂತರು. ಗಡ್ಡದ ಒಂದು ಬದಿ ಕಿತ್ತು ಜೋತಾಡುತ್ತಿತ್ತು. ಅವರು ಸಭೆಯನ್ನು ನೋಡಿದರು, ಆಮೇಲೆ ನೆಲದ ಮೇಲೆ ಕೂತಿದ್ದ ರಾಜನನ್ನು ನೋಡಿದರು. ಗುರುವಿನ ಕೆನ್ನೆಯ ಬಣ್ಣ ಕಣ್ಣೀರಿಗೆ ಇಳಿದು ಕುತ್ತಿಗೆಗೆ ಬಂದಿತ್ತು. ವಿನ್ಸೆಂಟಣ್ಣ ತಾವು ಹೇಳಬೇಕಾಗಿದ್ದ ಮಾತನ್ನು ಹೇಳಿದರು.

"ಮುಗೀತಾ ರಾಜ್ರೇ ನಿಮ್ಮ ಅಳು?"

ಸರಿಯಾದ ಜಾಗದಲ್ಲಿ ತಡೆದು, ಸರಿಯಾದ ಜಾಗದಲ್ಲಿ ಹುಬ್ಬು ಎತ್ತಿ ಹೇಳಿದರು. ಅಷ್ಟು ಚೆನ್ನಾಗಿ ಅವರು ಯಾವ ಮಾತನ್ನೂ ಹೇಳಿದ್ದಿಲ್ಲ. ಯಾರೂ ನಗಲಿಲ್ಲ. ಅವರು ಕಾದರು. ನಗು ಬರಲು ಎಷ್ಟು ಹೊತ್ತು ಬಿಡಬೇಕೋ ಅಷ್ಟು ಹೊತ್ತು ಬಿಟ್ಟು ಕಾದರು.

ಎಲ್ಲೋ ಹಿಂದಿನಿಂದ ಒಬ್ಬರು ಚಪ್ಪಾಳೆ ಹೊಡೆದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿತು. ಜನ ಅಳುತ್ತಾ ಹೊಡೆದರು, ಪ್ರೀತಿಯಿಂದಲೇ ಹೊಡೆದರು, ನಿಲ್ಲಿಸಲೇ ಇಲ್ಲ. ನನ್ನ ಗಂಡನ ಜನ್ಮದಲ್ಲಿ ಅಂಥ ಚಪ್ಪಾಳೆ ಬಿದ್ದಿಲ್ಲ. ವಿನ್ಸೆಂಟಣ್ಣ ಅದನ್ನು ಕೇಳುತ್ತಾ ನಿಂತರು. ಅಡುಗೆಮನೆಯ ಬಾಗಿಲ ಕಡೆ ಒಂದು ಸಲ ನೋಡಿದರು. ಕಾಲು ಈಗ ಚೆನ್ನಾಗಿತ್ತು, ಓಡಬಹುದಿತ್ತು.

"ಎದ್ದು ನಿಂತಿದಾರೆ ಡಾಕ್ಟ್ರೇ," ಎಂದರು.

"ಹೌದು ಅಣ್ಣ," ಎಂದ ಗುರು.

ಬರ್ನಡೆಟ್ ಅಕ್ಕ ಅವರ ಅಂಗಿಯ ತುದಿ ಹಿಡಿದುಕೊಂಡಿದ್ದರು. ವಿನ್ಸೆಂಟಣ್ಣ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಆಮೇಲೆ ವೇದಿಕೆಯ ನಡುವಿಗೆ ಬಂದು, ರಾಜರು ಮಾಡುವ ಹಾಗೆ ಎರಡೂ ಕೈ ಜೋಡಿಸಿ ತಲೆ ಬಾಗಿಸಿದರು. ತಲೆ ಎತ್ತದೆಯೇ ನನ್ನ ಕಡೆ ತಿರುಗಿ, ಎಳೀರಿ ಎಂದು ಸನ್ನೆ ಮಾಡಿದರು.

ಪ್ರಹಸನಕ್ಕೆ ಅದೇ ಮೊದಲ ಸಲ ನಾನು ಪರದೆ ಎಳೆದೆ.